ಕೋಡ್ ಬದಲಾದಾಗ ನೋಡಬೇಕಾದ್ದು ರೋಗಿಯ ರಿಪೋರ್ಟ್

ಹಲಸೂರು, ಬೆಂಗಳೂರು

ಮೆಡಿಕಲ್ ಕೋಡಿಂಗ್ ಕೆಲಸಕ್ಕೆ ಹೊಸದಾಗಿ ಸೇರಿದ ತಂಗಿ-ತಮ್ಮಂದಿರಿಗೆ,

ಕ್ಯಾನ್ಸರ್ ರೋಗಿಯ ಕಾಯಿಲೆಗೆ ವೈದ್ಯರು ಹೇಳುವ ಹೆಸರು ಒಂದು, ದಾಖಲೆಗೆ ಹೋಗುವ ಕೋಡ್ ಇನ್ನೊಂದು. ಬಿಲ್ ಪಾಸಾಗುವುದೂ ದುಬಾರಿ ಔಷಧಿಗೆ ಅನುಮತಿ ಸಿಗುವುದೂ ಊರಿನಲ್ಲಿ ಯಾವ ಕ್ಯಾನ್ಸರ್ ಹೆಚ್ಚುತ್ತಿದೆ ಎಂಬ ಲೆಕ್ಕವೂ ಈ ಕೋಡನ್ನೇ ನಂಬಿಕೊಂಡಿವೆ. ಕೋಡಿಂಗ್ ಪದ್ಧತಿ ಬದಲಾದಾಗ ಪಾಲಿಸಬೇಕಾದ ಮುಖ್ಯ ನಿಯಮ ಒಂದೇ: ಹಳೆಯ ಕೋಡ್ ನೋಡಿ ಹೊಸ ಕೋಡ್ ಹಾಕಬಾರದು, ಬಯಾಪ್ಸಿ ರಿಪೋರ್ಟ್ ಮತ್ತು ಕೇಸ್ ಶೀಟ್ ಓದಿಯೇ ಹಾಕಬೇಕು.

ಈ ಪದ್ಧತಿಗಳ ಮೂಲ 1893ರಲ್ಲಿದೆ. ಆ ವರ್ಷ ಫ್ರಾನ್ಸಿನ ಸಂಖ್ಯಾಶಾಸ್ತ್ರಜ್ಞ ಜಾಕ್ ಬೆರ್ಟಿಯೋನ್ ಮರಣ ಕಾರಣಗಳ ಅಂತಾರಾಷ್ಟ್ರೀಯ ಪಟ್ಟಿಯನ್ನು ಮಂಡಿಸಿದರು. 1948ರ ಆರನೇ ಪರಿಷ್ಕರಣೆಯ ಹೊತ್ತಿಗೆ ಅದು ವಿಶ್ವ ಆರೋಗ್ಯ ಸಂಸ್ಥೆಯ ಕೈಗೆ ಬಂತು. ಐಸಿಡಿ ಎಂಬ ಈ ಅಂತಾರಾಷ್ಟ್ರೀಯ ರೋಗ ವರ್ಗೀಕರಣದ ಹತ್ತನೇ ಪರಿಷ್ಕರಣೆಯಾದ ಐಸಿಡಿ-10ಕ್ಕೆ 1990ರಲ್ಲಿ ಒಪ್ಪಿಗೆ ಸಿಕ್ಕಿತು. ಹನ್ನೊಂದನೆಯದಕ್ಕೆ 2019ರಲ್ಲಿ ಒಪ್ಪಿಗೆ ದೊರೆತು, 2022ರ ಜನವರಿ 1ರಿಂದ ಜಾರಿಗೆ ಬಂತು. ಒಂದೊಂದು ದೇಶವೂ ತನ್ನ ಅನುಕೂಲದ ವೇಳೆಗೆ ಬದಲಾಯಿಸಿಕೊಳ್ಳುವುದರಿಂದ ಎರಡು ಪದ್ಧತಿಗಳು ಏಕಕಾಲಕ್ಕೆ ಬಳಕೆಯಲ್ಲಿರುವುದು ಸಾಮಾನ್ಯ.

ಇಂದಿರಾನಗರದಿಂದ ಕೆ.ಆರ್. ಪುರದವರೆಗಿನ ಪೂರ್ವ ಬೆಂಗಳೂರಿನ ಕಚೇರಿಗಳಲ್ಲಿ ಅಮೆರಿಕದ ಆಸ್ಪತ್ರೆಗಳ ಬಿಲ್‌ಗೆ ಕೋಡ್ ಹಾಕುವವರಿಗೆ 2015ರ ಅಕ್ಟೋಬರ್ 1 ಮರೆಯಲಾಗದ ದಿನ. ಹಲವು ಬಾರಿ ಮುಂದೂಡಿದ ಬಳಿಕ ಅಂದು ಆ ದೇಶ ಐಸಿಡಿಯ ತನ್ನದೇ ರೂಪವಾದ ಐಸಿಡಿ-9-ಸಿಎಂ ಬಿಟ್ಟು ಐಸಿಡಿ-10-ಸಿಎಂಗೆ ಬದಲಾಯಿತು. ರೋಗ ಕೋಡ್‌ಗಳು ಸುಮಾರು 14,000ದಿಂದ ಸುಮಾರು 68,000ಕ್ಕೆ ಏರಿದವು.

ಹೆಚ್ಚಿದ ಕೋಡ್‌ಗಳೆಲ್ಲ ಹೆಚ್ಚಿನ ವಿವರ ಕೇಳುತ್ತವೆ. ಮಹಿಳೆಯ ಸ್ತನದ ಮೇಲ್ಭಾಗದ ಹೊರ ಕಾಲುಭಾಗದಲ್ಲಿ ಕ್ಯಾನ್ಸರ್ ಇದ್ದರೆ ಹಿಂದೆ 174.4 ಎಂದರೆ ಸಾಕಿತ್ತು. ಹೊಸ ಪದ್ಧತಿಯಲ್ಲಿ ಬಲಗಡೆಗೆ ಸಿ50.411, ಎಡಗಡೆಗೆ ಸಿ50.412, ಯಾವ ಕಡೆ ಎಂದು ಬರೆಯದಿದ್ದರೆ ಸಿ50.419. ಅಮೆರಿಕ ಸರ್ಕಾರ ಕೊಟ್ಟ ಹೊಂದಾಣಿಕೆ ಪಟ್ಟಿ ಹಳೆಯ ಕೋಡ್‌ಗೆ ಸಮೀಪದ ಹೊಸ ಕೋಡ್‌ಗಳನ್ನು ತೋರಿಸುತ್ತದೆ. ಆದರೆ ರೋಗಿಯ ಗೆಡ್ಡೆ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದು ಯಾವ ಪಟ್ಟಿಗೂ ಗೊತ್ತಿಲ್ಲ, ಅದು ಕೇಸ್ ಶೀಟ್‌ನಲ್ಲಿ ಮಾತ್ರ ಸಿಗುತ್ತದೆ.

ಸ್ವಭಾವ ತಿಳಿಯದ ಗೆಡ್ಡೆಗೂ ಇದೇ ಎಚ್ಚರ ಬೇಕು. ಪೆಥಾಲಜಿಸ್ಟ್ ಪರೀಕ್ಷಿಸಿ ಸ್ವಭಾವ ಅನಿಶ್ಚಿತ ಎಂದು ಬರೆದಿದ್ದರೆ ಮಾತ್ರ ಡಿ37ರಿಂದ ಡಿ48ರವರೆಗಿನ ಕೋಡ್. ರಿಪೋರ್ಟ್ ಇನ್ನೂ ಬಂದಿಲ್ಲವಾದರೆ ಡಿ49. ಕಣ್ಣಿಗೆ ಒಂದೇ ಎನಿಸಿದರೂ ಮೊದಲನೆಯದು ವೈದ್ಯಕೀಯ ತೀರ್ಮಾನ, ಎರಡನೆಯದು ಮಾಹಿತಿಯ ಕೊರತೆ.

ಕೋಡ್‌ಗಳ ಜೊತೆಗೆ ಅವುಗಳನ್ನು ಬರೆಯುವ ಕ್ರಮವೂ ಬದಲಾಯಿತು. ಕ್ಯಾನ್ಸರ್‌ನಿಂದಾದ ರಕ್ತಹೀನತೆಗಷ್ಟೇ ಚಿಕಿತ್ಸೆ ನೀಡಿದಾಗ ಐಸಿಡಿ-9-ಸಿಎಂನಲ್ಲಿ ರಕ್ತಹೀನತೆ ಮೊದಲು ಬರುತ್ತಿತ್ತು. ಐಸಿಡಿ-10-ಸಿಎಂನಲ್ಲಿ ಕ್ಯಾನ್ಸರ್ ಮೊದಲು, ಆಮೇಲೆ ಡಿ63.0. ರಕ್ತಹೀನತೆ ಕೀಮೋಥೆರಪಿಯಿಂದ ಬಂದದ್ದಾದರೆ ಮೊದಲ ಸ್ಥಾನ ಡಿ64.81ಕ್ಕೆ. ಕಾರಣ ಯಾವುದೆಂದು ವೈದ್ಯರು ಬರೆಯದಿದ್ದರೆ ಅವರನ್ನೇ ಕೇಳಬೇಕು, ಊಹಿಸಬಾರದು.

ಕ್ಯಾನ್ಸರ್ ಚಿಕಿತ್ಸೆಗೆ ಈ ಬದಲಾವಣೆ ವಿಶೇಷವಾಗಿ ಕಷ್ಟ ಕೊಡುತ್ತದೆ. ಕೀಮೋ ತಿಂಗಳುಗಟ್ಟಲೆ ನಡೆಯುವುದರಿಂದ ಒಬ್ಬರ ಚಿಕಿತ್ಸೆಯೇ ಎರಡು ಪದ್ಧತಿಗಳಲ್ಲಿ ಹಂಚಿಹೋಗುತ್ತದೆ. ಬಿಲ್ ಕಳಿಸಿದ ದಿನ ಯಾವುದೇ ಇರಲಿ, ಹೊರರೋಗಿಗಳ ಕೋಡನ್ನು ನಿರ್ಧರಿಸುವುದು ಚಿಕಿತ್ಸೆ ಕೊಟ್ಟ ದಿನ: ಸೆಪ್ಟೆಂಬರ್ 30ರ ಡೋಸ್‌ಗೆ ಹಳೆಯ ಕೋಡ್, ಮರುದಿನದ ಡೋಸ್‌ಗೆ ಹೊಸದು. ಅಮೆರಿಕದ ಕ್ಯಾನ್ಸರ್ ಕ್ಲಿನಿಕ್‌ಗಳು ಹೆಚ್ಚಾಗಿ ಔಷಧಿಯನ್ನು ಮೊದಲು ತಾವೇ ಖರೀದಿಸಿ ನಂತರ ಬಿಲ್ ಮಾಡುತ್ತವೆ. ಹಾಗಾಗಿ ಕೋಡ್ ತಪ್ಪಿ ಕ್ಲೇಮ್ ತಿರಸ್ಕೃತವಾದರೆ ದೊಡ್ಡ ಮೊತ್ತ ಸಿಕ್ಕಿಬೀಳುತ್ತದೆ. ಮುಂದಿನ ಡೋಸ್‌ಗೆ ಅನುಮತಿ ತಡವಾದರೆ ಅದರ ನೋವು ರೋಗಿಗೆ.

ಕೋಡ್‌ನ ಇನ್ನೊಂದು ಉಪಯೋಗ ಬೆಂಗಳೂರಿನಲ್ಲಿಯೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1981ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಆರಂಭಿಸಿತು. ಅದರಡಿ 1982ರಿಂದ ಬೆಂಗಳೂರು, ಮುಂಬೈ, ಚೆನ್ನೈಗಳಲ್ಲಿ ಜನಸಂಖ್ಯಾ ಆಧಾರಿತ ನೋಂದಣಿ ನಡೆಯುತ್ತಿದೆ. ಬೆಂಗಳೂರಿನ ನೋಂದಣಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿದೆ. ಅಲ್ಲಿನ ಸಿಬ್ಬಂದಿ ಆಸ್ಪತ್ರೆ, ಪೆಥಾಲಜಿ ಲ್ಯಾಬ್, ಮರಣ ನೋಂದಣಿ ಕಚೇರಿಗಳಿಗೆ ಹೋಗಿ ಮಾಹಿತಿ ಸಂಗ್ರಹಿಸುತ್ತಾರೆ. ಶಿವಾಜಿನಗರದ ನಿವಾಸಿಯೊಬ್ಬರು ಬೇರೆ ಬೇರೆ ಕಡೆ ತಪಾಸಣೆ, ಆಪರೇಷನ್, ರೇಡಿಯೇಷನ್ ಮಾಡಿಸಿಕೊಂಡರೂ ಅವರ ಒಂದು ಕ್ಯಾನ್ಸರ್ ಲೆಕ್ಕದಲ್ಲಿ ಒಂದೇ ಸಲ ಬರಬೇಕು. ಒಂದೊಂದು ಕಡೆ ಒಂದೊಂದು ಕೋಡ್ ಬಿದ್ದಿದ್ದರೆ ಅದು ಒಂದೇ ಕ್ಯಾನ್ಸರ್ ಎಂದು ಗುರುತಿಸುವುದು ಕಷ್ಟ.

ನೋಂದಣಿಯಲ್ಲಿ ಐಸಿಡಿ-ಓ ಎಂಬ ಪ್ರತ್ಯೇಕ ವರ್ಗೀಕರಣವೂ ಬಳಕೆಯಲ್ಲಿದೆ. 1976ರಲ್ಲಿ ಮೊದಲು ಪ್ರಕಟವಾದ ಇದರ ಮೂರನೇ ಆವೃತ್ತಿ ಬಂದದ್ದು 2000ದಲ್ಲಿ. ಇದರಲ್ಲಿ ಕ್ಯಾನ್ಸರ್ ಹುಟ್ಟಿದ ಜಾಗಕ್ಕೆ ಒಂದು ಕೋಡ್, ಜೀವಕೋಶದ ವಿಧಕ್ಕೆ ಒಂದು, ಸ್ವಭಾವಕ್ಕೆ ಇನ್ನೊಂದು ಅಂಕಿ. ಸ್ವಭಾವದ ಅಂಕಿ 0 ಎಂದರೆ ನಿರಪಾಯಕಾರಿ, 1 ಅನಿಶ್ಚಿತ, 2 ಹುಟ್ಟಿದ ಪದರದಲ್ಲೇ ಇರುವುದು, 3 ಕ್ಯಾನ್ಸರ್. ಐಸಿಡಿ-10ರಲ್ಲಿ ಲ್ಯುಕೇಮಿಯಾಕ್ಕೆ ಸಿ91ರಿಂದ ಸಿ95ರವರೆಗೆ ಸ್ವಂತ ಕೋಡ್‌ಗಳಿವೆ. ಐಸಿಡಿ-ಓದಲ್ಲಿ ಅದರ ಜಾಗ ಅಸ್ಥಿಮಜ್ಜೆ, ಅಂದರೆ ಸಿ42.1.

ಮೂರನೇ ಆವೃತ್ತಿಯಲ್ಲಿ ಅಂಡಾಶಯದ ಕೆಲವು ಬಾರ್ಡರ್‌ಲೈನ್ ಗೆಡ್ಡೆಗಳ ಸ್ವಭಾವ 3ರಿಂದ 1ಕ್ಕೆ ಇಳಿಯಿತು. ಪಾಲಿಸೈಥೀಮಿಯಾ ವೆರಾ ಎಂಬ ರಕ್ತದ ಕಾಯಿಲೆಯದು 1ರಿಂದ 3ಕ್ಕೆ ಏರಿತು. ಊರಿನ ಜನರ ಆರೋಗ್ಯ ಇದ್ದ ಹಾಗೇ ಇದ್ದರೂ ಪಟ್ಟಿಯಲ್ಲಿ ಒಂದು ಕ್ಯಾನ್ಸರ್ ಇಳಿದಂತೆ, ಇನ್ನೊಂದು ಏರಿದಂತೆ ಕಾಣಬಹುದು. ಆದ್ದರಿಂದ ಒಂದೊಂದು ವರ್ಷದ ಅಂಕಿಅಂಶದ ಜೊತೆಗೂ ಆಗ ಬಳಸಿದ ಆವೃತ್ತಿಯ ಹೆಸರು ಇರಲೇಬೇಕು.

ಐಸಿಡಿ-11ರಲ್ಲಿ ಕೋಡ್‌ನ ರಚನೆಯೇ ಬೇರೆ. ಸ್ತನದ ಇನ್ವೇಸಿವ್ ಡಕ್ಟಲ್ ಕಾರ್ಸಿನೋಮಾಕ್ಕೆ 2ಸಿ61.0 ಎಂಬ ಮೂಲ ಕೋಡ್ ಇದ್ದು, ಎಡ-ಬಲದಂಥ ವಿವರಗಳನ್ನು ಪೂರಕ ಕೋಡ್‌ಗಳಾಗಿ ಅದಕ್ಕೆ ಜೋಡಿಸಬೇಕು. ಕಾರ್ಸಿನೋಮಾದ ವಿಧ ಮೂಲ ಕೋಡ್‌ನಲ್ಲೇ ಸೇರಿರುವುದರಿಂದ ಪೆಥಾಲಜಿ ರಿಪೋರ್ಟ್ ಇಲ್ಲದೆ ಸರಿಯಾದ ಕೋಡ್ ಹಾಕಲು ಆಗದು.

ಬದಲಾವಣೆಗೆ ಸಿದ್ಧವಾಗುವ ಕ್ರಮ ಹೀಗಿರಬೇಕು. ತಮ್ಮಲ್ಲಿ ಹೆಚ್ಚಾಗಿ ಬರುವ ಕ್ಯಾನ್ಸರ್‌ಗಳ ಕೋಡ್‌ಗಳನ್ನು ಮೊದಲು ಕಲಿಯಬೇಕು. ನಿಗದಿತ ದಿನಕ್ಕೆ ಮುಂಚೆಯೇ ಒಂದಿಷ್ಟು ಕೇಸ್ ಶೀಟ್‌ಗಳಿಗೆ ಎರಡೂ ಪದ್ಧತಿಯಲ್ಲಿ ಕೋಡ್ ಹಾಕಿ ಹೋಲಿಸಬೇಕು. ಯಾವ ವಿವರ ಬರೆಯದೆ ಉಳಿಯುತ್ತಿದೆ ಎಂದು ವೈದ್ಯರಿಗೆ ಪಟ್ಟಿ ಮಾಡಿ ಕೊಡಬೇಕು. ನಡೆಯುತ್ತಿರುವ ಚಿಕಿತ್ಸೆಗಳ ಅನುಮತಿಯನ್ನು ಹೊಸ ಕೋಡ್‌ನಲ್ಲಿ ಮೊದಲೇ ಪಡೆಯಬೇಕು. ಹಳೆಯ ದಾಖಲೆಯ ಮೂಲ ಕೋಡನ್ನು ಅಳಿಸದೆ ಹೊಸದರ ಪಕ್ಕದಲ್ಲಿ ಉಳಿಸಬೇಕು. ಇಷ್ಟಾದರೆ ಪದ್ಧತಿ ಎಷ್ಟು ಸಲ ಬದಲಾದರೂ ರೋಗಿಯ ಚಿಕಿತ್ಸೆ ನಿಲ್ಲುವುದಿಲ್ಲ, ಊರಿನ ಲೆಕ್ಕವೂ ತಪ್ಪುವುದಿಲ್ಲ.


ಈ ವೃತ್ತಿಯ ಹಿರಿಯರೊಬ್ಬರು