‘ಗ್ಯಾಸ್ ಇರಬೇಕು ಬಿಡು’: ಅಂಡಾಶಯದ ಕ್ಯಾನ್ಸರಿನ ಮೊದಲ ಸೂಚನೆಗಳು

ಊರಿನಿಂದ ಅಪ್ಪ ಅಮ್ಮ ಬಂದಾಗ ಅಟ್ಲಾಂಟಾದ ಆಬರ್ನ್ ಅವೆನ್ಯೂಗೆ ಕರೆದುಕೊಂಡು ಹೋಗುವುದು ನಮ್ಮಲ್ಲಿ ಹಲವರ ವಾಡಿಕೆ. ಅಲ್ಲಿ ಕೊಳದ ನಡುವಿನ ಸಮಾಧಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಜೊತೆಯಲ್ಲೇ ಪತ್ನಿ ಕೊರೆಟಾ ಸ್ಕಾಟ್ ಕಿಂಗ್ ಕೂಡ ಇದ್ದಾರೆ. 2006ರ ಜನವರಿ 30ರಂದು, 78ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಅವರಿಗಿದ್ದ ಅಂಡಾಶಯದ, ಅಂದರೆ ಓವರಿಯ, ಕ್ಯಾನ್ಸರ್ ಬಹಳ ಮುಂದುವರಿದಿತ್ತು.

ಈ ರೋಗ ಹೆಚ್ಚಿನವರಲ್ಲಿ ಹೀಗೆ ತಡವಾಗಿಯೇ ಗೊತ್ತಾಗುತ್ತದೆ. ಅಂಡಾಶಯದಲ್ಲೇ ಇರುವಾಗ ಸಿಕ್ಕಿದರೆ ನೂರರಲ್ಲಿ 90ಕ್ಕೂ ಹೆಚ್ಚು ಮಹಿಳೆಯರು ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಆ ಸಂಖ್ಯೆ ಸುಮಾರು 30ಕ್ಕೆ ಇಳಿಯುತ್ತದೆ. ಮೊದಲೇ ಪತ್ತೆಯಾಗುವುದು ಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರ.

ಹಿಂದೆ ವೈದ್ಯರು ಇದಕ್ಕೆ ಯಾವ ಲಕ್ಷಣವೂ ಇರುವುದಿಲ್ಲ ಎನ್ನುತ್ತಿದ್ದರು. ರೋಗಿಗಳು ಮಾತ್ರ, ಇಲ್ಲ, ನಮಗೆ ತಿಂಗಳುಗಟ್ಟಲೆ ತೊಂದರೆ ಇತ್ತು ಎನ್ನುತ್ತಲೇ ಇದ್ದರು. ಕೊನೆಗೆ 2007ರ ಜೂನ್‌ನಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಮತ್ತು ತಜ್ಞ ವೈದ್ಯರ ಸಂಸ್ಥೆಗಳು ಸೇರಿ ಆ ಮಾತನ್ನು ಒಪ್ಪಿಕೊಂಡವು. ಹೊಟ್ಟೆಯುಬ್ಬರ, ಹೊಟ್ಟೆ ಅಥವಾ ಕಿಬ್ಬೊಟ್ಟೆಯ ನೋವು, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಪದೇ ಪದೇ ಅವಸರವಾಗಿ ಮೂತ್ರಕ್ಕೆ ಹೋಗಬೇಕೆನಿಸುವುದು: ಇವೇ ಆ ನಾಲ್ಕು ಲಕ್ಷಣಗಳು.

ಇವು ಯಾರಿಗೆ ಬರುವುದಿಲ್ಲ ಹೇಳಿ? ಯುಗಾದಿಯ ದಿನ ನಾಲ್ಕು ಹೋಳಿಗೆ ತಿಂದರೆ ನನಗೂ ಬರುತ್ತದೆ. ಆದರೆ ಅದು ಮರುದಿನಕ್ಕೆ ಹೋಗುತ್ತದೆ. ನೋಡಬೇಕಾದದ್ದು ನೋವು ಎಷ್ಟು ಜೋರಾಗಿದೆ ಎಂದಲ್ಲ. ಅದು ನಿಮಗೆ ಹೊಸದೇ, ಬಿಡದೆ ಕಾಡುತ್ತಿದೆಯೇ ಎಂದು. ಸಿಯಾಟಲ್‌ನ ಡಾ. ಬಾರ್ಬರಾ ಗಾಫ್ ಮತ್ತು ಸಂಗಡಿಗರು ಕೊಟ್ಟ ಅಳತೆ ಸುಲಭವಾಗಿದೆ: ಕಳೆದ ಒಂದು ವರ್ಷದೊಳಗೆ ಶುರುವಾಗಿ, ತಿಂಗಳಲ್ಲಿ 12 ದಿನಗಳಿಗಿಂತ ಹೆಚ್ಚು ಇದ್ದರೆ ವೈದ್ಯರಿಗೆ ತೋರಿಸಬೇಕು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದ ಹಾಗೆ ಗುರುತು ಹಾಕುತ್ತಾ ಬನ್ನಿ. ಹೀಗೆ ಆಗುವ ಬಹುತೇಕರಿಗೆ ಕ್ಯಾನ್ಸರ್ ಇರುವುದಿಲ್ಲ, ಗಾಬರಿ ಬೇಡ.

ನಮ್ಮ ಮನೆಗಳಲ್ಲಿ ಆಗುವುದೇ ಬೇರೆ. ಮೊದಲು ಜೀರಿಗೆ ಕಷಾಯ, ಆಮೇಲೆ ಇಂಗಿನ ಮಜ್ಜಿಗೆ, ಓಮ, ಈನೋ, ಕೊನೆಗೆ ಊರಿನಿಂದ ತಂದ ಜೆಲುಸಿಲ್. ಒಂದು ವಾರ ಕುಡಿಯಲಿ, ತಪ್ಪಿಲ್ಲ. ಆರು ತಿಂಗಳು ಕುಡಿಯುವುದು ತಪ್ಪು. ತೋಳು ಸಣ್ಣಗಾಗಿ ರವಿಕೆ ಸಡಿಲವಾಗುತ್ತಿದ್ದು, ಲಂಗದ ಲಾಡಿ ಮಾತ್ರ ಬಿಗಿಯಾಗುತ್ತಿದ್ದರೆ ಹೊಟ್ಟೆಯಲ್ಲಿ ನೀರು ತುಂಬುತ್ತಿರಬಹುದು. ಆಗ ದಿನ ಎಣಿಸುತ್ತಾ ಕೂರಬೇಡಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೂ ಅಷ್ಟೇ.

‘ಪ್ಯಾಪ್ ಟೆಸ್ಟ್ ನಾರ್ಮಲ್ ಬಂದಿದೆಯಲ್ಲ’ ಎನ್ನುವವರಿದ್ದಾರೆ. ಅದು ಗರ್ಭಕೊರಳಿನ ಪರೀಕ್ಷೆ, ಅಂಡಾಶಯದ್ದಲ್ಲ. ಹಾಗಾದರೆ ಎಲ್ಲರಿಗೂ ಸಿಎ-125 ರಕ್ತಪರೀಕ್ಷೆ ಮಾಡಿಸಬಾರದೇ? ಇದನ್ನು ತಿಳಿಯಲೆಂದೇ ಬೆತೆಸ್ಡಾದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 78,216 ಮಹಿಳೆಯರನ್ನು ಸೇರಿಸಿಕೊಂಡು ದೊಡ್ಡ ಅಧ್ಯಯನ ನಡೆಸಿತು. ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯವೂ ಅದರ ಒಂದು ಕೇಂದ್ರ. 2011ರಲ್ಲಿ ಫಲಿತಾಂಶ ಬಂದಾಗ ಸಾವು ಕಡಿಮೆಯಾಗಿರಲಿಲ್ಲ. ಬದಲಿಗೆ ರೋಗವಿಲ್ಲದ 3,285 ಮಂದಿಗೆ ‘ಸಂಶಯವಿದೆ’ ಎಂದು ಬಂದು, ಅವರಲ್ಲಿ 1,080 ಮಂದಿ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ಫೈಬ್ರಾಯ್ಡ್ ಇದ್ದರೂ, ನಮ್ಮ ಕಡೆ ಕಾಣುವ ಹೊಟ್ಟೆಯ ಕ್ಷಯದಲ್ಲೂ ಸಿಎ-125 ಏರುತ್ತದೆ. ಲಕ್ಷಣವಿದ್ದಾಗ ಮಾತ್ರ ಕಿಬ್ಬೊಟ್ಟೆಯ ಪರೀಕ್ಷೆ, ಒಳಗಿನಿಂದ ಮಾಡುವ ಅಲ್ಟ್ರಾಸೌಂಡ್, ಇವುಗಳ ಜೊತೆ ಅದಕ್ಕೆ ಬೆಲೆ.

ಇನ್ನೊಂದು ವಿಷಯ ವಂಶದ್ದು. ಸಾಮಾನ್ಯವಾಗಿ ನೂರು ಮಹಿಳೆಯರಲ್ಲಿ ಜೀವಮಾನದಲ್ಲಿ ಒಬ್ಬರಿಗೆ ಬರುವ ಈ ರೋಗ, ಬಿಆರ್‌ಸಿಎ-1 ಜೀನಿನಲ್ಲಿ ದೋಷವಿದ್ದರೆ ಸುಮಾರು 40 ಅಥವಾ ಇನ್ನೂ ಹೆಚ್ಚು ಮಂದಿಗೆ ಬರುತ್ತದೆ. 1994ರಲ್ಲಿ ಆ ಜೀನನ್ನು ಹಿಡಿದವರಲ್ಲಿ ನಾರ್ತ್ ಕೆರೊಲೈನಾದ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ವಿಜ್ಞಾನಿಗಳೂ ಇದ್ದರು. ಇಲ್ಲಿನ ಡಾಕ್ಟರು ಮನೆತನದಲ್ಲಿ ಕ್ಯಾನ್ಸರ್ ಇದೆಯೇ ಎಂದು ಕೇಳಿದರೆ ನಾವು ‘ನೋ’ ಎನ್ನುತ್ತೇವೆ. ನಮ್ಮ ಹಿರಿಯರು ಆ ಹೆಸರನ್ನೇ ಬಾಯಲ್ಲಿ ಆಡುತ್ತಿರಲಿಲ್ಲ. ‘ದೊಡ್ಡಮ್ಮನಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು’, ‘ಅತ್ತೆ ಹೊಟ್ಟೆ ನೀರು ತುಂಬಿ ಹೋದರು’ ಎಂದಷ್ಟೇ ಹೇಳುತ್ತಿದ್ದರು. ಊರಿಗೆ ಫೋನ್ ಮಾಡಿದಾಗ ಕೇಳಿ ತಿಳಿದುಕೊಳ್ಳಿ: ಸ್ತನದ ಕ್ಯಾನ್ಸರ್ ಆದವರು ಯಾರು, ಯಾವ ವಯಸ್ಸಿನಲ್ಲಿ ಎಂದೂ ಕೇಳಿ. ತಂದೆಯ ಕಡೆಯವರನ್ನು ಮರೆಯಬೇಡಿ. ಆ ದೋಷ ಅಪ್ಪನಿಂದಲೂ ಬರುತ್ತದೆ.

ಬಾಣಂತನಕ್ಕೆಂದು ಬಂದ ಅಮ್ಮಂದಿರು ತಮ್ಮ ತೊಂದರೆ ಹೇಳುವುದೇ ಇಲ್ಲ. ಮಕ್ಕಳಿಗೆ ಡಾಲರ್ ಖರ್ಚು, ವಾಪಸು ಬೆಂಗಳೂರಿಗೆ ಹೋಗಿ ತೋರಿಸಿದರಾಯಿತು ಎಂದುಕೊಳ್ಳುತ್ತಾರೆ. ಅವರ ತಟ್ಟೆಯಲ್ಲಿ ಅನ್ನ ಉಳಿಯುತ್ತಿದೆಯೇ ಎಂದು ನೀವೇ ಗಮನಿಸಿ. ಡಾಕ್ಟರ ಹತ್ತಿರ ಮಗನೇ ಇಂಗ್ಲಿಷಿನಲ್ಲಿ ಹೇಳಬೇಕಾದಾಗ ತಾಯಿ ಅರ್ಧ ಮಾತು ನುಂಗಿಬಿಡುತ್ತಾರೆ. ಫೆಡರಲ್ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯನ್ನು ಉಚಿತವಾಗಿ ಒದಗಿಸಬೇಕೆಂದು ಕಾನೂನೇ ಇದೆ. ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕನ್ನಡ ಎಂದು ಹೇಳಿಡಿ. ಗಡ್ಡೆ ಸಂಶಯಾಸ್ಪದ ಎಂದರೆ, ಆಪರೇಷನ್‌ಗೆ ಒಪ್ಪುವ ಮೊದಲು ಗೈನಕಾಲಜಿಕ್ ಆಂಕಾಲಜಿಸ್ಟ್ ಅನ್ನು ಕಾಣಬೇಕೆಂದು ಕೇಳಿ. ಅಟ್ಲಾಂಟಾದ ಎಮರಿಯಲ್ಲಿ, ಡರ್ಹಮ್‌ನ ಡ್ಯೂಕ್‌ನಲ್ಲಿ, ಚಾಪೆಲ್ ಹಿಲ್‌ನಲ್ಲಿ, ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಅಂಥವರಿದ್ದಾರೆ.