ನಮ್ಮ ಮಗು: ಹಠದ ಹಿಂದಿನ ಅರಿವು, ಅಕ್ಕರೆಯ ಮೊಳಕೆ

ಇಲಕಲ್ಲಿನ ನೇಕಾರರ ಮನೆಯೊಂದನ್ನು ಕಲ್ಪಿಸಿಕೊಳ್ಳಿರಿ. ತಂದೆ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದಾನೆ. ತಾಯಿ ಕಂಡಿಕೆ ಸುತ್ತುವ ಕೆಲಸವನ್ನು ಬಿಟ್ಟು ಎದ್ದು, ಎರಡೂವರೆ ವರ್ಷದ ಮಗಳಿಗೆ ಉಣಿಸಲು ಬರುತ್ತಾಳೆ. ಮಗಳು ಆಕೆಯ ಕೈಯನ್ನು ತಳ್ಳಿ, “ನಾನಽ ಉಣ್ತೀನಿ” ಎನ್ನುತ್ತಾಳೆ. ಅರ್ಧ ಅನ್ನ ನೆಲದ ಪಾಲಾಗುತ್ತದೆ. “ಎಂಥ ಹಠಮಾರಿ!” ಎಂದು ತಾಯಿ ಗದರುತ್ತಾಳೆ. ಅದೇ ಸಂಜೆ ತಾಯಿ ತಲೆನೋವಿನಿಂದ ಮಲಗಿದಾಗ, ಅದೇ ಮಗಳು ತನ್ನ ಪುಟ್ಟ ಕೌದಿಯನ್ನು ಎಳೆದು ತಂದು ಆಕೆಯ ಮೇಲೆ ಹೊದಿಸುತ್ತಾಳೆ.

ಬೆಳಗಿನ ಹಠ, ಸಂಜೆಯ ಅಕ್ಕರೆ ಇವೆರಡೂ ಒಂದೇ ಬೆಳವಣಿಗೆಯ ಎರಡು ಮುಖಗಳು. ಸುಮಾರು ಒಂದೂವರೆ ವರ್ಷದಿಂದ ಎರಡು ವರ್ಷದೊಳಗೆ ಮಗು ಕನ್ನಡಿಯಲ್ಲಿ ಕಾಣುವುದು ತನ್ನದೇ ಮುಖವೆಂದು ಗುರುತಿಸತೊಡಗುತ್ತದೆ. “ನಾನು ಬೇರೆ, ಅವ್ವ ಬೇರೆ” ಎಂಬ ಅರಿವು ಆಗ ಮೂಡುತ್ತದೆ. ಈ ಅರಿವಿನಿಂದಲೇ ಎಲ್ಲವನ್ನೂ ತಾನೇ ಮಾಡಬೇಕೆಂಬ ಛಲ ಹುಟ್ಟುತ್ತದೆ. ನೋವು ತನ್ನದಲ್ಲ, ಅವ್ವನದು ಎಂಬ ತಿಳಿವಳಿಕೆಯೂ ಹುಟ್ಟುತ್ತದೆ. ತನಗೆ ಹಿತವಾದ ಕೌದಿ ಅವ್ವನಿಗೂ ಹಿತವೆಂದು ಮಗು ಭಾವಿಸುತ್ತದೆ. ಅವರವರಿಗೆ ಬೇಕಾದುದೇ ಬೇರೆ ಎಂಬುದನ್ನು ಅದು ಕ್ರಮೇಣ ಕಲಿಯುತ್ತದೆ.

ಆದುದರಿಂದ ತಂದೆತಾಯಿಗಳು ಮಾಡಬೇಕಾದುದೇನು? ಚೆಲ್ಲಿದರೂ ಮಗು ತಾನೇ ಉಣ್ಣಲಿ. ಚೆಲ್ಲಿದುದನ್ನು ನಿಮ್ಮೊಡನೆ ಕೂಡಿ ಒರೆಸಲಿ. “ಕೆಂಪು ಅಂಗಿಯೋ, ಹಸಿರು ಅಂಗಿಯೋ?” ಎಂದು ಕೇಳಿ ಆಯ್ಕೆಯನ್ನು ಅದಕ್ಕೇ ಬಿಡಿರಿ. ಆದರೆ ಅಪಾಯವಿರುವಲ್ಲಿ ಸಡಿಲ ಬಿಡಬಾರದು. ಉರಿಯುವ ಒಲೆ, ನೀರಿನ ತೊಟ್ಟಿ, ಹುನಗುಂದದ ಹೊಲಗಳಿಗೆ ತರುವ ಕ್ರಿಮಿನಾಶಕದ ಡಬ್ಬಿ, ಬಾದಾಮಿಯ ಬನಶಂಕರಿ ಜಾತ್ರೆಯ ಜನಸಂದಣಿ ಇಂಥಲ್ಲೆಲ್ಲ ಮಗು ಎಷ್ಟು ಅತ್ತರೂ ಹಿರಿಯರ ಮಾತೇ ನಡೆಯತಕ್ಕದ್ದು. ಹೊಡೆತದಿಂದ ಮಗು ಹೆದರಿಕೆಯನ್ನು ಕಲಿಯುತ್ತದೆಯೇ ಹೊರತು ವಿವೇಕವನ್ನಲ್ಲ.

ಅನುಕಂಪವನ್ನು ಉಪದೇಶದಿಂದ ಕಲಿಸಲಾಗದು. ಮನೆಯಲ್ಲಿ ಗಂಡ ಹೆಂಡಿರು ಪರಸ್ಪರ ನಡೆದುಕೊಳ್ಳುವ ರೀತಿಯನ್ನು ಮಗು ನೋಡಿ ಕಲಿಯುತ್ತದೆ. ದಣಿದ ಹೆಂಡತಿಗೆ ಗಂಡ ಒಂದು ತಂಬಿಗೆ ನೀರು ತಂದುಕೊಟ್ಟರೆ ಅದೇ ಪಾಠ. “ಗಂಡಸು ಅಳಬಾರದು” ಎಂದು ಗಂಡುಮಗುವಿನ ಬಾಯಿ ಮುಚ್ಚಿಸಬೇಡಿರಿ. ತನ್ನ ನೋವನ್ನು ಹೇಳಲು ಕಲಿಯದವನು ಪರರ ನೋವನ್ನು ಹೇಗೆ ಅರಿತಾನು?

ಈ ವಯಸ್ಸಿನ ಮಗುವಿಗೆ ತಾಯಿಯ ಮಡಿಲು ಇನ್ನೂ ಬೇಕು. ಒಂದು ಹೆರಿಗೆಯಾದ ಮೇಲೆ ಮತ್ತೊಂದು ಗರ್ಭಧಾರಣೆಗೆ ಕನಿಷ್ಠ 24 ತಿಂಗಳ ಅಂತರವಿರಲೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿದೆ. ಇದರಿಂದ ತಾಯಿಯ ದೇಹ ಚೇತರಿಸಿಕೊಳ್ಳುತ್ತದೆ. ಮೊದಲ ಮಗುವಿನ ಆರೈಕೆಗೂ ಸಮಯ ದೊರೆಯುತ್ತದೆ. ನಿರೋಧ್, ಕಾಪರ್-ಟಿ, 3 ತಿಂಗಳಿಗೊಮ್ಮೆ ಪಡೆಯುವ ಅಂತರಾ ಚುಚ್ಚುಮದ್ದು, ಛಾಯಾ ಗುಳಿಗೆ ಇವು ಸರ್ಕಾರಿ ಆಸ್ಪತ್ರೆಗಳ ಮೂಲಕ ಉಚಿತವಾಗಿ ದೊರೆಯುತ್ತವೆ. ಯಾವುದು ತಕ್ಕುದೆಂಬುದನ್ನು ವೈದ್ಯರೊಡನೆ ಮಾತನಾಡಿ ದಂಪತಿಗಳಿಬ್ಬರೂ ಕೂಡಿ ನಿರ್ಧರಿಸಬೇಕು. ಎರಡನೆಯ ಕೂಸು ಬಂದಾಗ ಹಿರಿಯ ಮಗು ಮತ್ತೆ ಹಾಸಿಗೆ ಒದ್ದೆ ಮಾಡಬಹುದು. ಗದರಬೇಡಿರಿ, ತಂದೆಯು ಅದನ್ನು ಹೆಚ್ಚು ಹೊತ್ತು ತನ್ನೊಡನೆ ಇರಿಸಿಕೊಳ್ಳಲಿ.

ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಆದರೆ ಒಂದು ವರ್ಷವಾದರೂ ಹೆಸರು ಕರೆದಾಗ ತಿರುಗಿ ನೋಡದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಎರಡು ವರ್ಷವಾದರೂ ಎರಡು ಪದ ಕೂಡಿಸಿ ಆಡದಿದ್ದರೆ ತಡಮಾಡದೆ ಆಶಾ ಕಾರ್ಯಕರ್ತೆಗೆ ಅಥವಾ ಅಂಗನವಾಡಿಯಲ್ಲಿ ತಿಳಿಸಿರಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿ ಮಕ್ಕಳನ್ನು ಪರೀಕ್ಷಿಸುತ್ತದೆ. ಅಗತ್ಯವಿದ್ದರೆ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೆ ತೋರಿಸಬಹುದು.

ದಂಪತಿಗಳು ಇಂದು ರಾತ್ರಿ ಕೂಡಿ ಯೋಚಿಸಿರಿ:

1. ಈ ವಾರ ನಮ್ಮ ಮಗು ತಾನಾಗಿಯೇ ಮಾಡಿದ ಹೊಸ ಕೆಲಸ ಯಾವುದು?

2. ಅದು ಯಾರ ನೋವಿಗೆ ಮರುಗಿತು? ನಾವು ಅದನ್ನು ಗಮನಿಸಿದೆವೆ?

3. ನಾವು ಹಠವೆಂದು ಗದರಿದ್ದು ನಿಜವಾಗಿಯೂ ಹಠವೇ ಆಗಿತ್ತೆ?