ಚುಚ್ಚುಮದ್ದಿಗೆ ಮುನ್ನ

ರೋಗ ಬಂದರೆ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆದರೆ ಶರೀರವು ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು ಎಂಬುದನ್ನು ಹಲವರು ಆಸ್ಪತ್ರೆಯ ಬಾಗಿಲಲ್ಲೇ ಮರೆಯುತ್ತಾರೆ. "ಡಾಕ್ಟ್ರೇ, ಒಂದು ಇಂಜೆಕ್ಷನ್ ಕೊಟ್ಟುಬಿಡಿ" ಎಂದು ಒತ್ತಾಯಿಸುತ್ತಾರೆ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾಗಳನ್ನು ಮಾತ್ರ ಎದುರಿಸುತ್ತದೆ. ವೈರಸ್ಸಿನಿಂದ ಬರುವ ನೆಗಡಿಗೆ ಅದರಿಂದ ಪ್ರಯೋಜನವಿಲ್ಲ.

ಹಿಂದೆ ಯಾವುದಾದರೂ ಔಷಧದಿಂದ ದದ್ದು, ತುರಿಕೆ, ಉಬ್ಬಸ ಉಂಟಾಗಿದ್ದರೆ ಮುಚ್ಚಿಡದೆ ಹೇಳಿರಿ. ಪೆನಿಸಿಲಿನ್‌ನಂತಹ ಔಷಧ ಒಗ್ಗದವರಿಗೆ ಕೆಲವೇ ನಿಮಿಷಗಳಲ್ಲಿ ಉಸಿರು ಕಟ್ಟಿ ಪ್ರಾಣಾಪಾಯವಾಗಬಹುದು. ಆದ್ದರಿಂದ ಚುಚ್ಚುಮದ್ದಿನ ಬಳಿಕ ಅರ್ಧ ಗಂಟೆ ಅಲ್ಲೇ ಕುಳಿತಿರಿ. ಗರ್ಭಿಣಿಯರು ಆ ವಿಷಯವನ್ನೂ ತಿಳಿಸಲಿ. ಸೂಜಿ ಹೊಸದೇ ಎಂದು ಕೇಳಲು ಸಂಕೋಚಪಡಬೇಡಿ.

ಜ್ವರ ಇಳಿಯಿತೆಂದು ವೈದ್ಯರನ್ನು ಕೇಳದೆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು. ಸಾಲದಷ್ಟು ಪ್ರಮಾಣದಲ್ಲಿ ಬಳಸಿದರೆ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ ಎಂದು ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲೇ ಎಚ್ಚರಿಸಿದ್ದರು. ಅಂತಹ ರೋಗಾಣು ನೆರೆಮನೆಯವರಿಗೂ ಹರಡೀತು.

ರಮಝಾನ್‌ನಲ್ಲಿಯೂ ಇದೇ ಮಾತು. ಪೋಷಕ ದ್ರವಗಳ ಹೊರತು ಚರ್ಮ, ಸ್ನಾಯು ಅಥವಾ ರಕ್ತನಾಳಕ್ಕೆ ಕೊಡುವ ಚುಚ್ಚುಮದ್ದಿನಿಂದ ಉಪವಾಸ ಮುರಿಯದೆಂದು ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 1997ರಲ್ಲಿ ಜಿದ್ದಾದಲ್ಲಿ ತೀರ್ಮಾನಿಸಿದೆ. ರೋಗ ಬಲವಾಗಿದ್ದರಂತೂ ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ಪೂರೈಸುವ ರಿಯಾಯಿತಿಯೇ ಇದೆ.

ಶಿಫಾ ನೀಡುವವನು ಅಲ್ಲಾಹನು. ಎಚ್ಚರ ವಹಿಸುವುದು ನಮ್ಮ ಹೊಣೆ. ತವಕ್ಕುಲ್‌ನಲ್ಲಿ ಅದೂ ಸೇರಿದೆ.